ಗಂಟಿನ ಚಿಗವ್ವನಿಗೆ ಬಂದ ಆಯಾರ

ನುಸಿಗುಳಿಗೆಯ ವಾಸನೆ ಮೂಗಿಗೆ ಬಡಿದರೆ ನನಗೆ ಈಗಲೂ ಸಿಟ್ಟು ಬರುತ್ತದೆ. ಗುಳಿಗೆ ಪಾಪ ಏನು ಮಾಡೀತು! ಸಿಟ್ಟು ನಮ್ಮ ಮನೆಯವರ ಮೇಲೆ, ಅದಕ್ಕಿಂತ ಹೆಚ್ಚು ನನ್ನ ಮೇಲೆ.

ಹೋದ ತಿಂಗಳು ಕೊಪ್ಪಳದ ಒಂದು ಕಲ್ಯಾಣ ಮಂಟಪದಲ್ಲಿ ಸಂಬಂಧಿಕರ ಮನೆಯ ತೊಟ್ಟಿಲ ಕಾರ್ಯ ಇತ್ತು. ನನ್ನ ಮದುವೆಯ ದಾಳಿಂಬೆ ಬಣ್ಣದ ರೇಷ್ಮೆ ಸೀರೆ ಉಟ್ಟು ಹೋಗಿದ್ದೆ. ಮೇಲಿನ ಮಹಡಿಯಲ್ಲಿ ಊಟ ಮುಗಿಸಿ ಇಳಿದು ಬರುತ್ತಿರುವಾಗ ಅಣ್ಣನ ಮಗಳು ಕೈಹಿಡಿದು ಕೆಳಗಿನ ಹಾಲಿಗೆ ಎಳೆದಳು. ಬಾಗಿಲಲ್ಲೇ ಆ ವಾಸನೆ. ಒಳಗೆ ಉದ್ದುದ್ದ ಟೇಬಲ್ಲುಗಳ ಮೇಲೆ ಸೀರೆಗಳ ರಾಶಿ. ಹೊರಗೆ ಆಳೆತ್ತರದ ಬ್ಯಾನರು: ಉಟ್ಟ ಸೀರೆ, ಉಡದ ಸೀರೆ, ಎಲ್ಲ ಅಗ್ಗದ ದರದಲ್ಲಿ.

ಕಾಲೇಜು ಹುಡುಗಿಯರು, ಬ್ಯಾಂಕಿನಲ್ಲಿ ಕೆಲಸ ಮಾಡುವವರು, ಡಾಕ್ಟರ ಹೆಂಡಂದಿರು, ಎಲ್ಲರೂ ಮೊಣಕೈವರೆಗೆ ರಾಶಿಯೊಳಗೆ ಕೈ ಹಾಕಿ ಹುಡುಕುತ್ತಿದ್ದರು. ಹತ್ತು ನಿಮಿಷದಲ್ಲಿ ನಮ್ಮ ಹುಡುಗಿ ಒಂದು ಸೀರೆ ಎಳೆದು ತೆಗೆದು ಕುಣಿದಳು. "ಅತ್ತೀ, ಅಪ್ಪಟ ರೇಷ್ಮಿ ಐತಿ ಇದು! ನೈಲಾನಿನ ರೊಕ್ಕಕ್ಕ ಸಿಕ್ಕೈತಿ ನೋಡು!" ನಾನು ಸೀರೆ ಇಸಿದುಕೊಂಡೆ. ಬಣ್ಣ ನೋಡಲಿಲ್ಲ, ಸೆರಗು ನೋಡಲಿಲ್ಲ. ನನಗೇ ತಿಳಿಯದಂತೆ ನನ್ನ ಬೆರಳು ಮೂರನೆಯ ಮಡಿಕೆಯೊಳಗೆ ಹೋಗಿ ಅಂಚನ್ನು ತಡವತೊಡಗಿತು.

"ಏನು ಹುಡುಕಾಕತ್ತೀ ಅತ್ತಿ? ಹರದೈತೇನು?"

"ಇಲ್ಲ... ದಾರ ಐತೇನು ಅಂತ ನೋಡಿದೆ."

ಅವಳಿಗೆ ಅರ್ಥವಾಗಲಿಲ್ಲ. ಅರ್ಥವಾಗಲು ಅವಳು ಆ ಚಿಗವ್ವನನ್ನು ನೋಡಿದವಳಲ್ಲ.

ಕುಕನೂರಿನಲ್ಲಿ ನಮ್ಮ ಮನೆಯ ಎದುರು ಮನೆ ಅವಳದು. ಓಣಿ ಎಷ್ಟು ಇಕ್ಕಟ್ಟೆಂದರೆ ನಮ್ಮ ಕಟ್ಟೆಯಿಂದ ನಾಲ್ಕು ಹೆಜ್ಜೆ ಇಟ್ಟರೆ ಅವಳ ಕಟ್ಟೆ. ರಕ್ತಸಂಬಂಧ ಏನೂ ಇರಲಿಲ್ಲ, ಆದರೆ ನಾನು ಮಾತು ಕಲಿತಾಗಿನಿಂದ ಅವಳು ನನಗೆ ಚಿಗವ್ವ. ಗಂಡ ಸಂತೆ ಬಜಾರದಲ್ಲಿ ಚೀಲ ಹೊರುತ್ತಿದ್ದ, ಬಾಯಿ ಸತ್ತ ಮನುಷ್ಯ. ಮಕ್ಕಳಿರಲಿಲ್ಲ. ಊರವರು ಅವಳನ್ನು ಗಂಟಿನಾಕಿ ಎನ್ನುತ್ತಿದ್ದರು, ಅದೂ ಬೆನ್ನ ಹಿಂದೆ. ಎದುರಿಗೆ ಅನ್ನುವ ಧೈರ್ಯ ಯಾರಿಗಿತ್ತು? ಅರ್ಧ ಊರಿನ ಮಾನ ಅವಳ ಗಂಟಿನಲ್ಲಿತ್ತು.

ನಮ್ಮ ಕಡೆ ಮದುವೆ ಎಂದರೆ ಆಯಾರ. ಬೀಗರಿಗೆ ಸೀರೆ, ಬೀಗರ ಬೀಗರಿಗೆ ಸೀರೆ, ಹೆಂಗಸರಿಗೆ ಕುಪ್ಪಸದ ಖಣ, ಗಂಡಸರಿಗೆ ಟವೆಲ್ಲು ಟೋಪಿ. ಕೊಟ್ಟವರಿಗೆ ತಿರುಗಿ ಕೊಡಬೇಕು, ಕೊಡದಿದ್ದರೆ ಏಳು ತಲೆಮಾರು ಆಡಿಕೊಳ್ಳುತ್ತಾರೆ. ಹೀಗೆ ಕೊಟ್ಟ ಸೀರೆಗಳಲ್ಲಿ ಅರ್ಧಕ್ಕರ್ಧ ಯಾರೂ ಉಡುತ್ತಿರಲಿಲ್ಲ. ಬಂದ ಸೀರೆ ಟ್ರಂಕಿಗೆ, ಟ್ರಂಕಿನಿಂದ ಮುಂದಿನ ಮದುವೆಗೆ. ಮೈ ಕಾಣದೆ ಹತ್ತು ಮದುವೆ ಕಂಡ ಸೀರೆಗಳು! ಚಿಗವ್ವನ ವ್ಯಾಪಾರ ಇಂಥ ಸೀರೆಗಳದು. ಮದುವೆಯ ಹಂಗಾಮು ಮುಗಿದ ಮೇಲೆ ಬಸ್ಸು ಹತ್ತಿ ಗಂಗಾವತಿ, ಕಾರಟಗಿ ಕಡೆ ಹೋಗುತ್ತಿದ್ದಳು. ಅಲ್ಲಿ ಕಾಲುವೆ ನೀರು, ಭತ್ತದ ದುಡ್ಡು, ಮನೆ ತುಂಬ ಮಡಿಕೆ ಬಿಚ್ಚದ ಸೀರೆ. ಅವನ್ನು ಕೊಂಡು ದೊಡ್ಡ ಗಂಟು ಕಟ್ಟಿ ತಂದು ಮಳೆಯನ್ನೇ ನಂಬಿದ ನಮ್ಮ ಸೀಮೆಯಲ್ಲಿ ಮದುವೆ ಮಾಡುವವರಿಗೆ ಕಡಿಮೆ ದರಕ್ಕೆ ಮಾರುತ್ತಿದ್ದಳು. ಕುಷ್ಟಗಿಯ ಸೀರೆ ಯಲಬುರ್ಗಾಕ್ಕೆ, ಯಲಬುರ್ಗಾದ್ದು ಕೊಪ್ಪಳಕ್ಕೆ.

ಇದರಲ್ಲಿ ಅವಳದೇ ಒಂದು ಕಟ್ಟುನಿಟ್ಟು ಇತ್ತು. ಯಾವ ಸೀರೆಯೂ ಅದನ್ನು ಕೊಟ್ಟವರ ಮನೆಗೆ ತಿರುಗಿ ಹೋಗಬಾರದು. ಅದಕ್ಕಾಗಿ ಸೀರೆಯ ಮೂರನೆಯ ಮಡಿಕೆಯೊಳಗೆ, ಅಂಚಿನಲ್ಲಿ, ಒಂದು ಎಳೆ ದಾರ ಹೊಲಿದು ಸಣ್ಣ ಗಂಟು ಹಾಕುತ್ತಿದ್ದಳು. ಗಂಗಾವತಿ ಕಡೆಯದಕ್ಕೆ ಹಳದಿ, ಕುಷ್ಟಗಿ ಕಡೆಯದಕ್ಕೆ ಕೆಂಪು, ಯಲಬುರ್ಗಾ ಕಡೆಯದಕ್ಕೆ ಹಸಿರು. ಅದು ಯಾವ ಮನೆಯದು, ಯಾರ ಮದುವೆಯಲ್ಲಿ ಯಾರು ಕೊಟ್ಟದ್ದು ಎಂಬುದೆಲ್ಲ ಅವಳ ತಲೆಯಲ್ಲೇ ಇರುತ್ತಿತ್ತು. ಅಕ್ಷರ ಬಾರದವಳು. ಒಂದು ಸಲವೂ ತಪ್ಪಿದ್ದನ್ನು ನಾನು ಕೇಳಲಿಲ್ಲ.

ತಪ್ಪಿದರೆ ಏನಾಗುತ್ತದೆ ಎಂಬುದಕ್ಕೆ ಅವಳು ಒಂದು ಕಥೆ ಹೇಳುತ್ತಿದ್ದಳು. ಕಡಲಿನ ಮಂಗಳೂರಲ್ಲ, ನಮ್ಮ ಯಲಬುರ್ಗಾ ಕಡೆಯ ಮಂಗಳೂರಿನಲ್ಲಿ ಒಂದು ಮನೆಯವರು ಇವಳ ಗಂಟಿಗೆ ಬಾರದೆ ತಮ್ಮ ಟ್ರಂಕಿನದನ್ನೇ ತೆಗೆದು ಬೀಗಿತ್ತಿಗೆ ಆಯಾರ ಮಾಡಿದರಂತೆ. ಬೀಗಿತ್ತಿ ಚಪ್ಪರದಲ್ಲೇ ಮಡಿಕೆ ಬಿಚ್ಚಿದಳು. ಒಳಗೆ ಊದಿನಕಡ್ಡಿಯಿಂದ ಸುಟ್ಟ ತೂತು! ಹಿಂದಿನ ವರ್ಷ ಆ ಬೀಗಿತ್ತಿಯೇ ತೂತು ಮುಚ್ಚಿ ಮಡಿಚಿ ಇವರಿಗೆ ಕೊಟ್ಟಿದ್ದ ಸೀರೆ ಅದು. "ನಾ ಸುಟ್ಟ ಸೀರಿ ನನಗ ಉಡಸ್ತೀರೇನು?" ಎಂದು ಅವಳು ಕೂಗಾಡಿ ಎದ್ದು ಹೋದಳಂತೆ. ಸುಟ್ಟ ಸೀರೆ ಕೊಟ್ಟದ್ದು ತಪ್ಪಲ್ಲ, ತಿರುಗಿ ಬಂದದ್ದು ತಪ್ಪು! ಇದನ್ನು ಹೇಳಿ ಚಿಗವ್ವ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದಳು. ಆಮೇಲೆ ಗಂಭೀರವಾಗಿ ಅನ್ನುತ್ತಿದ್ದಳು: "ನಕ್ಕಿದ್ದಾತು. ಆದ್ರ ಕೊಟ್ಟಾಕಿಗೆ ಕೊಟ್ಟದ್ದ ತಿರುಗಿ ಬಂದ್ರ, ನೀ ನಮಗ ಏನೂ ಅಲ್ಲ ಅಂದಂಗ ಆಗ್ತದವಾ. ಅದಕ್ಕಿಂತ ಒಂದು ಏಟು ಹೊಡಿಯೂದು ಛಲೋ."

ಅವಳ ಕಣ್ಣು ಮಾತ್ರ... ಆ ಕಣ್ಣು ಬೇರೆ ಯಾರಿಗೂ ಇರಲಿಲ್ಲ. ಕಣ್ಣಿಗಿಂತ ಬೆರಳು ಅನ್ನಬೇಕು. ರಾಶಿ ಸೀರೆಗಳ ಮೇಲೆ ಅಂಗೈ ಆಡಿಸುತ್ತ ಹೋಗಿ ಒಂದು ಕಡೆ ತಟ್ಟನೆ ನಿಲ್ಲಿಸುತ್ತಿದ್ದಳು. ಅಂಚಿನಿಂದ ಒಂದೆಳೆ ಕಿತ್ತು ದೀಪಕ್ಕೆ ಹಿಡಿಯುತ್ತಿದ್ದಳು. "ಮೂಸಿ ನೋಡು. ಕೂದಲಾ ಸುಟ್ಟಂಗ ಬಂತಿಲ್ಲೋ? ಇದು ರೇಷ್ಮಿ. ಪ್ಲಾಸ್ಟಿಕ್ ವಾಸನಿ ಬಂತಂದ್ರ ಅಂಗಡ್ಯಾವ ಸುಳ್ಳು ಹೇಳ್ಯಾನ." ನಾನು ಶಾಲೆಯಿಂದ ಬಂದವಳೇ ಅವಳ ಪಡಸಾಲೆಯಲ್ಲಿ ಕೂತು ಎಳೆ ಸುಡುತ್ತಿದ್ದೆ. ಕಸದಂತೆ ತಂದ ಗಂಟಿನಲ್ಲಿ ಬಂಗಾರದಂಥ ಸೀರೆ ಸಿಕ್ಕ ದಿನ ಅವಳು ನನ್ನನ್ನು ಓಣಿಯಾಚೆಯಿಂದಲೇ ಕೂಗುತ್ತಿದ್ದಳು.

ಈಗ ಸಿಟ್ಟಿನ ಮಾತು ಹೇಳುತ್ತೇನೆ. ಅವಳ ಬಳಿ ಕೊಳ್ಳಲು ಎಲ್ಲರೂ ಬರುತ್ತಿದ್ದರು. ಆದರೆ ಹೇಗೆ ಬರುತ್ತಿದ್ದರು? ಮಟಮಟ ಮಧ್ಯಾಹ್ನ, ಓಣಿಯಲ್ಲಿ ನಾಯಿಯೂ ಓಡಾಡದ ಹೊತ್ತಿಗೆ, ಹಿತ್ತಲ ಬಾಗಿಲಿನಿಂದ. ಚೀಲದಲ್ಲಿ ಸೀರೆ ತುಂಬಿ ಮೇಲೆ ಮೆಂತ್ಯ ಸೊಪ್ಪು ಹರಡಿಕೊಂಡು ಹೋಗುತ್ತಿದ್ದರು. ಸಂಜೆ ಬಜಾರದಲ್ಲಿ ಅವಳು ಎದುರಾದರೆ ಗುರುತೇ ಇಲ್ಲ! ಮದುವೆಗೆ ಅವಳನ್ನು ಯಾರೂ ಕರೆಯುತ್ತಿರಲಿಲ್ಲ. ಕಾರಣ ಏನು ಗೊತ್ತೇ? ಅವಳು ಮುತ್ತೈದೆ, ಆದ್ದರಿಂದ ಗಂಡ ಸತ್ತವರಿಗೆ ಹೇಳುವ ಆ ಕೆಟ್ಟ ನೆಪವೂ ಇಲ್ಲಿ ನಡೆಯುತ್ತಿರಲಿಲ್ಲ. ಕಾರಣ ಇಷ್ಟೇ: ಅವಳು ಚಪ್ಪರದಲ್ಲಿ ಕಂಡರೆ ಆಯಾರವೆಲ್ಲ ಅವಳ ಗಂಟಿನದು ಎಂದು ಬೀಗರಿಗೆ ತಿಳಿದುಹೋಗುತ್ತದೆ. ಕೆಲವರು ಬಂದು ಹೇಳಿಯೇ ಹೋಗುತ್ತಿದ್ದರು. "ನೀ ಬರಬ್ಯಾಡವಾ, ತಪ್ಪು ತಿಳೀಬ್ಯಾಡ." ಅವಳು, "ಇಲ್ರಿ, ನನಗೂ ಅವತ್ತ ಕೆಲಸ ಐತ್ರಿ" ಎನ್ನುತ್ತಿದ್ದಳು. ಏನು ಕೆಲಸವೋ! ಆ ದಿನ ಕಟ್ಟೆಯ ಮೇಲೆ ಕೂತು ದೂರದ ಬ್ಯಾಂಡು ಕೇಳುವುದೇ ಕೆಲಸ.

ನನ್ನ ಮದುವೆ ಕುಷ್ಟಗಿಗೆ ಗೊತ್ತಾಯಿತು. ನಮ್ಮವ್ವನೂ ಮಧ್ಯಾಹ್ನದ ಹೊತ್ತು ಚಿಗವ್ವನ ಮನೆಗೆ ಹೋಗಿ ಬಂದಳು. ಆಯಾರದ ಸೀರೆಗಳೆಲ್ಲ ಅಲ್ಲಿಂದಲೇ ಬಂದವು. ನಾಲ್ಕು ದಿನದ ಮೇಲೆ ಚಿಗವ್ವ ನನ್ನೊಬ್ಬಳನ್ನೇ ಕರೆದಳು. ಒಳಗೆ ಕೂರಿಸಿ ಹಳೆಯ ಪಂಚೆಯಲ್ಲಿ ಸುತ್ತಿದ್ದ ಒಂದು ಸೀರೆಯನ್ನು ನನ್ನ ತೊಡೆಯ ಮೇಲೆ ಬಿಚ್ಚಿದಳು. ದಾಳಿಂಬೆ ಬಣ್ಣ. ಇಳಕಲ್ಲಿನ ಕೈಮಗ್ಗದ್ದು, ಪೂರಾ ರೇಷ್ಮೆ. ಒಡಲ ತುಂಬ ಕೈಯಿಂದ ಹಾಕಿದ ಕಸೂತಿ: ಆನೆ, ಗೋಪುರ, ನವಿಲು. ಹಿಂದಿನ ಬದಿಗೂ ಮುಂದಿನ ಬದಿಗೂ ಫರಕೇ ಇಲ್ಲ.

"ಕಾರಟಗಿ ಮಿಲ್ಲಿನವರ ಮನ್ಯಾಗ ಸಿಕ್ತು. ನೈಲಾನ್ ಸೀರಿ ಜೋಡಿ ಇದನ್ನೂ ಒಗದ್ರು. ಇದು ಭಾಳ ಛಲೋ ಐತ್ರಿ ಅಂತ ಎರಡು ಸರತಿ ಹೇಳಿದೆ. ಚೀಲದಷ್ಟು ವಜ್ಜಿ ಐತಿ, ಯಾರು ಉಡ್ತಾರ ಒಯ್ಯಿ ಅಂದ್ರು."

"ಚಿಗವ್ವ, ಇದಕ್ಕ ಎಷ್ಟು ಕೊಡಬೇಕ?"

"ಅವಕ್ಕ ಎಷ್ಟೋ ಇದಕ್ಕೂ ಅಷ್ಟ. ನನಗ ಹೆಚ್ಚಿನ ರೊಕ್ಕ ಬ್ಯಾಡ, ಒಂದು ಮಾತು ಬೇಕು." ಅವಳ ದನಿ ಇಳಿಯಿತು. "ನಿನ್ನ ಮದಿವಿಗೆ ನನ್ನನ್ನ ಕರೀಬೇಕು. ಮುಂದ ಕೂಡ್ರಂಗಿಲ್ಲ, ಊಟಕ್ಕೂ ಕೂಡ್ರಂಗಿಲ್ಲ. ಹಿಂದ ಕಂಬದ ಹತ್ರ ನಿಂತು ನೋಡ್ತೀನಿ. ಇಷ್ಟು ವರ್ಷ ಇಷ್ಟು ಸೀರಿ ಕೊಟ್ಟೀನಿ... ಒಂದನ್ನೂ ಮೈಮ್ಯಾಲ ನೋಡಿಲ್ಲವಾ ನಾನು."

ನಾನು ಅವಳ ಕೈ ಮೇಲೆ ಕೈ ಇಟ್ಟು, "ನನ್ನಾಣಿ ಕರೀತೀನಿ" ಎಂದೆ. ಅವಳು ಮೂರನೆಯ ಮಡಿಕೆ ಬಿಡಿಸಿ ಅಲ್ಲಿದ್ದ ಹಳದಿ ದಾರವನ್ನು ಹಲ್ಲಿನಿಂದ ಕಡಿದು ತೆಗೆದಳು. "ಇದಿನ್ನ ತಿರುಗೂದಿಲ್ಲ. ನಿನ್ನ ಹತ್ರನ ಇರ್ತದ" ಎಂದಳು.

ಮದುವೆಗೆ ಎಂಟು ದಿನ ಮೊದಲೇ ಗಂಗಾವತಿಯಿಂದ ಸೋದರತ್ತೆ, ಅಪ್ಪನ ಅಕ್ಕ, ಬಂದಿಳಿದಳು. ಬಂದವಳೇ ಮನೆಯ ಕೀಲಿಕೈಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡಳು. ಕರೆಯುವವರ ಯಾದಿ ಓದುತ್ತ ಚಿಗವ್ವನ ಹೆಸರು ಬಂದಲ್ಲಿ ನಿಂತಳು.

"ಗಂಟಿನಾಕಿನ್ನ ಕರೀತಾರೇನು? ಆಕಿ ಬಂದ್ಲಂದ್ರ ಕುಷ್ಟಗಿ ಬೀಗರ ಮುಂದ ನಮ್ಮ ಮಾರಿ ಎಲ್ಲಿ ಇಡೂಣು?"

"ನಾ ಮಾತು ಕೊಟ್ಟೀನತ್ತಿ" ಎಂದೆ.

"ಮದಿಮಗಳಿಗೆ ಇಷ್ಟು ಬಾಯಿ ಇರಬಾರದು."

ಅವ್ವನ ಕಡೆ ನೋಡಿದೆ. ಅವ್ವ ಅಕ್ಕಿ ಆರಿಸುತ್ತಿದ್ದಳು, ತಲೆ ಎತ್ತಲಿಲ್ಲ. ನಾನೂ ಬಾಯಿ ಮುಚ್ಚಿದೆ. ಅಷ್ಟೇ. ಇನ್ನೊಂದು ಮಾತು ಆಡಿದ್ದರೆ ನನ್ನ ಮದುವೆ ನಿಂತುಹೋಗುತ್ತಿತ್ತೇ? ಯಾರಾದರೂ ನನ್ನ ನಾಲಿಗೆ ಕೊಯ್ಯುತ್ತಿದ್ದರೇ? ಇಂದಿಗೂ ಈ ಪ್ರಶ್ನೆ ಕೇಳಿಕೊಳ್ಳುತ್ತೇನೆ. ಹೊಳೆ ದಾಟಿದ ಮೇಲೆ ಅಂಬಿಗನ ಹಂಗೇನು ಎಂಬ ಗಾದೆಯನ್ನು ನಮ್ಮಂಥವರನ್ನು ನೋಡಿಯೇ ಕಟ್ಟಿರಬೇಕು.

ಚಪ್ಪರ ಎಲ್ಲಿ ಹಾಕಿದರೆನ್ನುತ್ತೀರಿ? ಓಣಿಯಲ್ಲೇ! ಚಪ್ಪರದ ಅರ್ಧ ಕಂಬಗಳು ನಿಂತದ್ದು ಚಿಗವ್ವನ ಕಟ್ಟೆಯ ಮೇಲೆ. ಅವಳ ಕಟ್ಟೆ ಬೇಕು, ಅವಳ ಬಾವಿಯ ನೀರು ಬೇಕು, ಅವಳ ಸೀರೆ ಬೇಕು, ಅವಳು ಬೇಡ. ಮದುವೆಯ ಬೆಳಿಗ್ಗೆ ಸೋದರತ್ತೆ ಅವಳ ಬಾಗಿಲಿಗೆ ಹೋಗಿ, ನಾನು ಕೇಳುವಂತೆಯೇ ಹೇಳಿದಳು: "ಬೀಗರು ಹೋಗೂ ತನಕ ಬಾಗಲಾ ಹಾಕ್ಕೊಂಡು ಒಳಗ ಕೂಡ್ರವಾ." ಬಾಗಿಲು ಮುಚ್ಚಿದ ಸಪ್ಪಳ ಕೇಳಿಸಿತು. ಆಮೇಲೆ ಆ ಬಾಗಿಲು ಕಾಣದಂತೆ ಅಡ್ಡ ಪರದೆ ಕಟ್ಟಿಸಿದಳು. ನಾಲ್ಕು ಹೆಜ್ಜೆ ಆಚೆ, ಪರದೆಯ ಹಿಂದೆ, ಬಾಗಿಲ ಹಿಂದೆ ಚಿಗವ್ವ. ಈಚೆ ನಾನು, ಅವಳು ಹುಡುಕಿ ತಂದ ಸೀರೆ ಉಟ್ಟುಕೊಂಡು.

ಬೀಗರ ಹೆಂಗಸರು ನನ್ನ ಸುತ್ತ ಮುಕುರಿದರು. "ಯವ್ವಾ, ಎಂಥಾ ಸೀರಿ! ಎಲ್ಲಿ ತಂದ್ರಿ?" ಸೋದರತ್ತೆ ಕಣ್ಣು ಮಿಟುಕಿಸದೆ ಹೇಳಿದಳು: "ಇಳಕಲ್ಲಿಗೆ ಹೋಗಿ, ಮುಂದ ನಿಂತು ನೇಯಿಸಿವ್ರಿ." ನಾನು ತಲೆ ತಗ್ಗಿಸಿ ಕೂತಿದ್ದೆ. ಎಲ್ಲರೂ ಅದನ್ನು ನಾಚಿಕೆ ಎಂದುಕೊಂಡರು.

ಹೊರಡುವಾಗ ಗಾಳಿಗೆ ಪರದೆ ಒಂದು ಬದಿ ಸರಿದಿತ್ತು. ಮುಚ್ಚಿದ ಬಾಗಿಲು ಕಂಡಿತು. ಬಾಗಿಲಿಗೆ ಹಸಿ ಮಾವಿನೆಲೆಯ ತೋರಣ. ನನ್ನ ಮದುವೆಗೆಂದು ತನ್ನ ಬಾಗಿಲಿಗೆ ತಾನೇ ಕಟ್ಟಿಕೊಂಡಿದ್ದಳು...

ಐದನೆಯ ದಿನ ತವರಿಗೆ ಬಂದೆ. ಅವ್ವನ ಮನಸ್ಸಿಗೆ ಏನೋ ಚುಚ್ಚುತ್ತಿತ್ತೆಂದು ಕಾಣುತ್ತದೆ. ತಾಟಿನಲ್ಲಿ ಉಂಡಿ, ಅರಿಶಿನ ಕುಂಕುಮ, ಮೇಲೊಂದು ಸೀರೆ ಇಟ್ಟು, "ಎದುರುಮನಿಗೆ ಕೊಟ್ಟು ಬಾ, ಆಯಾರ ಅಂತ ಹೇಳು" ಎಂದಳು. ನನಗೆ ಹಿಗ್ಗಾಯಿತು. ನೋಡದೆ, ವಿಚಾರಿಸದೆ ಎತ್ತಿಕೊಂಡು ಓಡಿದೆ. ಎಳೆ ಸುಡಲು ಕಲಿತವಳು, ಮಡಿಕೆ ತಡವಲು ಕಲಿತವಳು, ಅಷ್ಟೂ ನೋಡಲಿಲ್ಲ!

ಚಿಗವ್ವ ನನ್ನನ್ನು ಮಣೆಯ ಮೇಲೆ ಕೂರಿಸಿದಳು. ಒಂದು ಮಾತೂ ಬಯ್ಯಲಿಲ್ಲ. ನಾನು ಕುಂಕುಮ ಹಚ್ಚಿ ಸೀರೆಯನ್ನು ಅವಳ ಉಡಿಯಲ್ಲಿಟ್ಟೆ. ಅವಳ ಬೆರಳು ರೂಢಿಯಂತೆ ಮೂರನೆಯ ಮಡಿಕೆಯೊಳಗೆ ಹೋಯಿತು. ಅಲ್ಲಿ ನಿಂತಿತು. ನಾನು ಬಗ್ಗಿ ನೋಡಿದೆ. ಹಳದಿ ದಾರ. ಅವಳೇ ಹೊಲಿದದ್ದು. ಆಯಾರ ಕೊಟ್ಟು ಉಳಿದಿದ್ದರಲ್ಲಿ ಒಂದನ್ನು, ಅವಳ ಗಂಟಿನದನ್ನೇ, ಅವ್ವ ಅವಳಿಗೇ ಕಳಿಸಿದ್ದಳು.

ಭೂಮಿ ಬಾಯಿ ಬಿಡಬಾರದೇ ಅನಿಸಿತು. "ಚಿಗವ್ವ... ನನಗ ಗೊತ್ತಿರಲಿಲ್ಲ."

"ಏನು ಗೊತ್ತಿರಲಿಲ್ಲ? ಸೀರಿ ಛಲೋ ಐತಿ. ನಾನ ಆರಿಸಿ ತಂದದ್ದು, ಛಲೋ ಇರದ ಏನು?" ಎಂದಳು. ನಗಲು ನೋಡಿದಳು, ಆಗಲಿಲ್ಲ. ಆಮೇಲೆ ಬಾಗಿ ದಾರವನ್ನು ಹಲ್ಲಿನಿಂದ ಕಡಿದಳು. "ಇದನ್ನ ಮಾರೂದಿಲ್ಲ ಬಿಡು. ನನಗ ಬಂದ ಆಯಾರ ಇದೊಂದ." ಸೀರೆಯನ್ನು ಮಡಿಚಿ ಬದಿಗಿಟ್ಟು ಕೇಳಿದಳು: "ಆ ಸೀರಿ ನಿನಗ ಹೆಂಗ ಒಪ್ಪಿತ್ತವಾ?"

ಅದು ಕುಷ್ಟಗಿಯಲ್ಲಿ ಅತ್ತೆಯ ಪೆಟ್ಟಿಗೆಯಲ್ಲಿತ್ತು. "ಮುಂದ ಬಂದಾಗ ಉಟ್ಕೊಂಡು ಬರ್ತೀನಿ" ಎಂದೆ.

ಅವಳು ತಾಟನ್ನು ನನ್ನ ಮಾರಿಗೆ ಎಸೆದಿದ್ದರೆ ನಾನು ಬದುಕುತ್ತಿದ್ದೆ. ಎಸೆಯಲಿಲ್ಲ. ಅವಳ ಮೇಲೂ ನನಗೆ ಸಿಟ್ಟಿದೆ. ಯಾಕೆ ಬಾಗಿಲು ಮುಚ್ಚಿಕೊಂಡಳು? ತನ್ನ ಕಟ್ಟೆಯ ಮೇಲೆ ನೆಟ್ಟ ಕಂಬ ಕಿತ್ತು ಒಗೆಯಬೇಕಿತ್ತು!

ಉಟ್ಟುಕೊಂಡು ಹೋದೆನೇ? ಇಲ್ಲ. ಒಮ್ಮೆ ಅತ್ತೆ ಪೆಟ್ಟಿಗೆ ತೆಗೆಯಲಿಲ್ಲ. ಒಮ್ಮೆ ಬಸುರಿಯಿದ್ದೆ. ಇನ್ನೊಮ್ಮೆ ಬರೀ ನಾಚಿಕೆ. ಕೊನೆಗೆ ಒಂದು ಸಲ ತವರಿಗೆ ಹೋದಾಗ ಎದುರುಮನೆಗೆ ಕೀಲಿ ಇತ್ತು. ಅವ್ವ ಮೆಂತ್ಯ ಸೊಪ್ಪು ಬಿಡಿಸುತ್ತ ಹೇಳಿದಳು: "ಆಕಿ ತೀರಿಕೊಂಡು ತಿಂಗಳಾತವಾ. ನಾವು ಕೊಟ್ಟ ಸೀರಿನ ಉಡಿಸಿ ಕಳಿಸಿದ್ರು."

ನಾವು ಕೊಟ್ಟ ಸೀರೆಯಂತೆ! ಜೀವಮಾನದಲ್ಲಿ ಒಮ್ಮೆ ಮಾತ್ರ ಅವ್ವನ ಮೇಲೆ ಕೂಗಾಡಿದ್ದೇನೆ, ಅವತ್ತು.

ಇದೆಲ್ಲ ಕೊಪ್ಪಳದ ಆ ಹಾಲಿನಲ್ಲಿ, ಸೀರೆಯ ಮಡಿಕೆಯೊಳಗೆ ಬೆರಳಿಟ್ಟು ನಿಂತಾಗ ಮೈಮೇಲೆ ಬಂತು. ಮೆಂತ್ಯದಡಿ ಮುಚ್ಚಿ ಒಯ್ಯುತ್ತಿದ್ದುದನ್ನು ಈಗ ಫೋಟೋ ತೆಗೆದು ಊರಿಗೆಲ್ಲ ತೋರಿಸುತ್ತಾರೆ. ಹಳೆಯದನ್ನು ಕೊಂಡೆ ಎಂದು ಎದೆ ತಟ್ಟಿಕೊಳ್ಳುತ್ತಾರೆ. ತಟ್ಟಿಕೊಳ್ಳಲಿ, ಒಳ್ಳೆಯದೇ. ಆದರೆ ಈ ಬುದ್ಧಿ ನಮಗೆ ಆಗ ಯಾಕೆ ಬರಲಿಲ್ಲ?

ಅಂಗಡಿ ನೋಡಿಕೊಳ್ಳುತ್ತಿದ್ದ ಹುಡುಗಿ ರೊಕ್ಕ ಇಸಿದುಕೊಳ್ಳುತ್ತ ನನ್ನ ಸೆರಗನ್ನೇ ನೋಡುತ್ತಿದ್ದಳು. ಮುಟ್ಟಲೇ ಎಂದು ಕೇಳಿ, ಮುಟ್ಟಿ, ತಿರುವಿ ನೋಡಿದಳು.

"ಇಂಥಾ ಕಸೂತಿ ನಾ ನೋಡೇ ಇಲ್ರಿ ಮೇಡಂ. ಎಲ್ಲಿ ತಂದ್ರಿ?"

ಮದುವೆಯ ದಿನದ ಅದೇ ಪ್ರಶ್ನೆ. ಇಡೀ ಹಾಲಿಗೆ ಕೇಳುವಂತೆ ಹೇಳಿದೆ: "ಕುಕನೂರಾಗ ನಮ್ಮ ಎದುರುಮನಿ ಚಿಗವ್ವನ ಗಂಟಿನ್ಯಾಗ ತೊಗೊಂಡಿದ್ದು. ಹಳೇ ಸೀರಿ ಇದು. ನನ್ನ ಮದಿವ್ಯಾಗ ಉಟ್ಟಿದ್ದು."

ಎರಡು ಮೂರು ಜನ ತಿರುಗಿ ನೋಡಿ ನಕ್ಕು ಮತ್ತೆ ರಾಶಿಗೆ ಕೈ ಹಾಕಿದರು. ಕೇಳಬೇಕಾಗಿದ್ದವರು ಯಾರೂ ಅಲ್ಲಿರಲಿಲ್ಲ. ಸೋದರತ್ತೆ ಇಲ್ಲ, ಅವ್ವ ಇಲ್ಲ, ಕುಷ್ಟಗಿಯ ಆ ಹೆಂಗಸರಿಲ್ಲ.

ಹುಡುಗಿಯ ಮುಖ ಅರಳಿತು. "ಹೌದೇನ್ರಿ? ಹಂಗಾರ ಮುಂದಿನ ಸಲ ಅವ್ರನ್ನೂ ಕರೀರಿ ಮೇಡಂ. ಇಲ್ಲೇ ಮುಂದ, ಬಾಗಲ ಹತ್ರ ಒಂದು ಟೇಬಲ್ ಕೊಡ್ತೀನಿ."

ಅಣ್ಣನ ಮಗಳು ನನ್ನ ಮುಖ ನೋಡಿ ಗಾಬರಿಯಾದಳು.

"ಕರೀತೀನಂತ ನಾ ಆಣಿ ಮಾಡಿದ್ದೆ ತಂಗಿ" ಎಂದೆ. "ಕರೀಲಿಲ್ಲ."